ರಿಮೋಟ್ ಬಟನ್‌ಗೆ ಹಚ್ಚುವ ಕಾರ್ಬನ್ ಬಣ್ಣ: ಎರಡು ಮಳೆಗಾಲ ಕಳೆದ ಮೇಲೆ

ರಿಮೋಟಿನ ರಬ್ಬರ್ ಬಟನ್ ಅಡಿಯಲ್ಲಿ ಕರೆಂಟು ಹರಿಸುವ ಕಾರ್ಬನ್ ಸವೆದರೆ ಅದರ ಮೇಲೆ ಹಚ್ಚುವ ಬಣ್ಣ ಇದು. ಬಾಟಲಿ ಉಗುರುಬಣ್ಣದ ಬಾಟಲಿಗಿಂತ ಚಿಕ್ಕದು. ಕೊರಿಯರ್ ಸೇರಿ ₹500ರ ಹತ್ತಿರ ಬಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು ಸೇರುವಾಗ ಒಳಗಿನ ಕಪ್ಪು ಬಣ್ಣ ಅರ್ಧಂಬರ್ಧ ಗಟ್ಟಿಯಾಗಿತ್ತು. ನೋಡಿ ಸಿಟ್ಟೇ ಬಂತು. ಆ ದುಡ್ಡಿಗೆ ಹೊಸ ಯೂನಿವರ್ಸಲ್ ರಿಮೋಟೇ ಸಿಗುತ್ತದೆ, ಅಲ್ವಾ? ಆದರೂ ವಾಪಸ್ ಕಳಿಸಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಆಂಪ್ಲಿಫೈಯರ್.

ಅದು 1990ರ ದಶಕದ ಜಪಾನಿ ಆಂಪ್ಲಿಫೈಯರ್. ವಾಲ್ಯೂಮ್ ತಿರುಗಣೆಯ ಹಿಂದೆ ಒಂದು ಪುಟ್ಟ ಮೋಟರ್ ಇದೆ. ರಿಮೋಟ್ ಒತ್ತಿದರೆ ತಿರುಗಣೆ ತಾನೇ ನಿಧಾನಕ್ಕೆ ತಿರುಗುತ್ತದೆ. ಅದರ ಮೇಲಿನ ಕೆಂಪು ಚುಕ್ಕಿ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಕಿವಿಗೊಟ್ಟರೆ ಸಣ್ಣಗೆ ಗುಂಯ್ ಅನ್ನುತ್ತದೆ. ಪರದೆ ಮೇಲೆ ಅಂಕಿ ಬದಲಾಗುವುದನ್ನು ನೋಡಿದರೆ ನನಗೆ ಈ ಖುಷಿ ಸಿಗುವುದಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಜಗಲಿಯಲ್ಲಿ ಕೂತರೆ ಟ್ಯೂನರ್‌ನಲ್ಲಿ ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್. ಅಡುಗೆಮನೆಯಿಂದ ಅಮ್ಮ "ಸ್ವಲ್ಪ ಸಣ್ಣ ಮಾಡೋ" ಅಂದರೆ ಕೂತಲ್ಲಿಂದಲೇ ಒತ್ತುತ್ತೇನೆ. ಚುಕ್ಕಿ ಎರಡು ಗೆರೆ ಕೆಳಗೆ ಬರುತ್ತದೆ. ಅಷ್ಟು ಸಾಕು.

ಕೆಟ್ಟಿದ್ದೂ ಅದೇ ಬಟನ್, ಸಣ್ಣ ಮಾಡುವ ಬಟನ್. ಮೊದಮೊದಲು ಗಟ್ಟಿಯಾಗಿ ಅದುಮಿದರೆ ಕೆಲಸ ಮಾಡುತ್ತಿತ್ತು. ಆಮೇಲೆ ಹೆಬ್ಬೆರಳು ನೋಯುವಷ್ಟು ಒತ್ತಿದರೂ ಇಲ್ಲ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದರೆ, "ಇದಕ್ಕೆಲ್ಲ ಈಗ ಯಾರು ಕೈ ಹಾಕ್ತಾರೆ ಮಾರಾಯ್ರೆ, ಡುಪ್ಲಿಕೇಟ್ ತಗೊಂಡು ಹೋಗಿ" ಅಂದರು. ತಗೊಂಡೆ. ಅದರಲ್ಲಿ ಒಂದು ಸಲ ಮುಟ್ಟಿದರೂ ಸಿಗ್ನಲ್ ಜಾಸ್ತಿ ಹೊತ್ತು ಹೋಗುತ್ತದೆ. ಸಿಗ್ನಲ್ ಬರುತ್ತಿರುವಷ್ಟು ಹೊತ್ತೂ ಮೋಟರ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ಒಂದೋ ಪೂರ್ತಿ ಮೌನ, ಇಲ್ಲ ಅಕ್ಕಪಕ್ಕದ ತೋಟಕ್ಕೂ ಕೇಳುವಷ್ಟು ಜೋರು. ಎರಡು ಗೆರೆ ಅನ್ನುವ ಲೆಕ್ಕವೇ ಅದಕ್ಕಿಲ್ಲ.

ಬಣ್ಣಕ್ಕೆ ದುಡ್ಡು ಹಾಕುವ ಮೊದಲು ಕಾಯಿಲೆ ಯಾವುದು ಅಂತ ನೋಡಿಕೊಳ್ಳಿ. ಮೊಬೈಲಿನ ಮುಂದಿನ ಕ್ಯಾಮೆರಾ ಎದುರು ರಿಮೋಟ್ ಹಿಡಿದು ಒಂದೊಂದೇ ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಅಲ್ಲಿ ನೇರಳೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಫೋನ್‌ಗಳು ಆ ಬೆಳಕನ್ನು ತಡೆಯುತ್ತವೆ. ಕೆಲವು ಬಟನ್‌ಗೆ ಮಾತ್ರ ಬೆಳಕು ಬಾರದಿದ್ದರೆ ತೊಂದರೆ ರಬ್ಬರಿನದು, ಈ ಬಣ್ಣ ಉಪಯೋಗಕ್ಕೆ ಬರುತ್ತದೆ. ಯಾವುದಕ್ಕೂ ಬಾರದಿದ್ದರೆ ಬಣ್ಣ ತರಿಸಬೇಡಿ.

ಬಿಚ್ಚುವುದೇ ನಾಜೂಕಿನ ಕೆಲಸ. ಸೆಲ್ ಹಾಕುವ ಗೂಡಿನಲ್ಲಿ ಸ್ಕ್ರೂ ಅಡಗಿರಬಹುದು, ಮೊದಲು ಅದನ್ನು ತೆಗೆಯಬೇಕು. ಆಮೇಲೆ ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಎಳೆದರೆ ಒಳಗಿನ ಕೊಕ್ಕೆಗಳು ಟಕ್ ಟಕ್ ಅಂತ ಬಿಡುತ್ತವೆ. ನನ್ನದರ ಒಳಗೆ ಕಂಡಿದ್ದು ಎಣ್ಣೆ ಚೆಲ್ಲಿದ ಹಾಗಿದ್ದ ಅಂಟು ಪಸೆ. ಯಾರೂ ಏನೂ ಚೆಲ್ಲಿರಲಿಲ್ಲ. ಸಿಲಿಕಾನ್ ರಬ್ಬರಿನಿಂದಲೇ ವರ್ಷಗಟ್ಟಲೆ ಆ ಪಸೆ ಹೊರಗೆ ಬರುತ್ತದೆ. ಅದರ ಮೇಲೆ ನಮ್ಮ ಮಲೆನಾಡಿನ ಥಂಡಿ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಚಪ್ಪಲಿ, ಬೆಲ್ಟಿಗೆಲ್ಲ ಬೂಷ್ಟು ಹಿಡಿಯುವ ಕಡೆ ರಿಮೋಟ್ ಒಳಗೆ ಒಣಗಿರುತ್ತದಾ?

ರಬ್ಬರ್ ಹಾಳೆಯನ್ನು ಪಾತ್ರೆ ಸೋಪು, ಬೆಚ್ಚನೆ ನೀರಿನಲ್ಲಿ ತೊಳೆದೆ. ಅದರ ಕೆಳಗಿನ ಸರ್ಕ್ಯೂಟ್ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಬೋರ್ಡಿನ ಮೇಲಿನ ಕಪ್ಪು ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಅದೂ ಕಾರ್ಬನ್ನೇ, ಎದ್ದು ಹೋಗುತ್ತದೆ. ಇಷ್ಟಕ್ಕೇ ಮುಕ್ಕಾಲು ಪಾಲು ಬಟನ್‌ಗಳು ಸುಮ್ನೆ ಮುಟ್ಟಿದರೆ ಸಾಕು ಅನ್ನುವ ಹಾಗಾದವು. ಬಣ್ಣ ಮಾರುವವರು ಈ ಮಾತನ್ನು ಡಬ್ಬಿಯ ಮೇಲೆ ಬರೆಯಬೇಕಿತ್ತು.

ಉಳಿದವಕ್ಕೆ ಬಣ್ಣ. ಬಟನ್ ಅಡಿಯ ಕಪ್ಪು ಬಿಲ್ಲೆಗೆ ಹಲ್ಲುಕಡ್ಡಿಯ ತುದಿಯಲ್ಲಿ ತೆಳ್ಳಗೆ ಹಚ್ಚಬೇಕು. ದಪ್ಪ ಆದರೆ ಪದರ ಬಿರಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಯಾವ ಬಣ್ಣವೂ ಬೇಗ ಒಣಗುವುದಿಲ್ಲ. ಬಚ್ಚಲೊಲೆ ಪಕ್ಕದ ಗೂಡಿನಲ್ಲಿ ಮಸಿ ಬೀಳದ ಹಾಗೆ ಮುಚ್ಚಿ ಎರಡು ರಾತ್ರಿ ಇಟ್ಟೆ. ಬೆಂಕಿಯ ಕಾವಿಗೆ ಚೆನ್ನಾಗಿ ಹಿಡಿದುಕೊಂಡಿತು. ಅದಕ್ಕೂ ಮೊದಲು ಪೆನ್ಸಿಲ್ ಪುಡಿ ಉಜ್ಜಿ ನೋಡಿದ್ದೆ, ಕೆಲವೇ ದಿನ ಬಂತು. ಬಣ್ಣ ಅದಕ್ಕಿಂತ ಎಷ್ಟೋ ಮೇಲು. ಮಲ್ಟಿಮೀಟರ್ ಇಟ್ಟು ನೋಡಿದರೆ, ಮೊದಲು ಲಕ್ಷದ ಮೇಲೆ ಓಮ್ (ಕರೆಂಟಿಗೆ ಇರುವ ಅಡ್ಡಿಯ ಅಳತೆ) ತೋರಿಸುತ್ತಿದ್ದ ಬಿಲ್ಲೆ ಕೆಲವು ನೂರಕ್ಕೆ ಇಳಿದಿತ್ತು. ಬಾಟಲಿ ಮೇಲಿದ್ದ ಸಿಟ್ಟೂ ಅವತ್ತೇ ಇಳಿಯಿತು. ಸಂಜೆ ರಿಮೋಟ್ ಒತ್ತಿ, ಆ ಕೆಂಪು ಚುಕ್ಕಿ ಎರಡೇ ಗೆರೆ ಸರಿದು ನಿಂತಾಗ ಅಮ್ಮನನ್ನೂ ಕರೆದು ತೋರಿಸಿದೆ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದರಲ್ಲಿ, ದಿನಾ ಒತ್ತುವ ಆ ಒಂದೇ ಬಟನ್‌ನ ಬಣ್ಣ ಅಂಚಿನಲ್ಲಿ ಎದ್ದಿತು. ಮತ್ತೆ ಹಚ್ಚೋಣ ಅಂದರೆ ಬಾಟಲಿ ಕಲ್ಲಾಗಿತ್ತು. ₹500ರಲ್ಲಿ ನಾನು ಬಳಸಿದ್ದು ನಾಲ್ಕು ಹನಿ, ಉಳಿದಿದ್ದೆಲ್ಲ ದಂಡ. ಆಗ ಕೆಟ್ಟ ಟಿವಿ ರಿಮೋಟ್ ಒಂದರಿಂದ ಕಾರ್ಬನ್ ಬಿಲ್ಲೆಯನ್ನು ಬ್ಲೇಡಿನಲ್ಲಿ ತೆಳ್ಳಗೆ ಕತ್ತರಿಸಿ, ಸಿಲಿಕಾನ್ ಅಂಟಿನಿಂದ ಇಲ್ಲಿ ಕೂರಿಸಿದೆ. ಸೂಪರ್ ಗ್ಲೂ ಈ ರಬ್ಬರಿಗೆ ಹಿಡಿಯುವುದಿಲ್ಲ. ವಿನೆಗರ್‌ ಥರ ಹುಳಿ ವಾಸನೆ ಬರುವ ಸಿಲಿಕಾನ್ ಕೂಡ ಬೇಡ, ಅದರಿಂದ ಹೊರಡುವ ಆಸಿಡ್ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಈ ಕಸಿ ಬಿಲ್ಲೆ ಇವತ್ತಿಗೂ ಗಟ್ಟಿಯಾಗಿದೆ. ಅಪರೂಪಕ್ಕೆ ಒತ್ತುವ ಬಟನ್‌ಗಳಲ್ಲಿ ಬಣ್ಣವೂ ಹಾಗೇ ಇದೆ.

ಹಾಗಾಗಿ ಬಣ್ಣಕ್ಕೆ ಐದರಲ್ಲಿ ಮೂರು ಕೊಡುತ್ತೇನೆ. ನಾಲ್ಕೈದು ಜನ ಸೇರಿ ಒಂದು ಬಾಟಲಿ ತರಿಸಿ ಒಂದೇ ವಾರದಲ್ಲಿ ಖಾಲಿ ಮಾಡುವುದಾದರೆ ನಾಲ್ಕು.

ಪಕ್ಕದ ಮನೆಯವರ ಡೆಕ್ಕಿನ ರಿಮೋಟೂ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಯಾವ ಬಟನ್‌ಗೂ ಬೆಳಕಿಲ್ಲ. ಸೆಲ್ ಕಂಬಿಗೆ ಹಿಡಿದ ಕಿಲುಬು ತೆಗೆದೆ, 3 ವೋಲ್ಟ್ ಸರಿಯಾಗಿ ಬರುತ್ತಿದೆ. ಟ್ರಾನ್ಸಿಸ್ಟರ್ ರೇಡಿಯೋ ಪಕ್ಕ ಇಟ್ಟು ಒತ್ತಿದರೆ ಒಳ್ಳೆಯ ರಿಮೋಟ್ ಟರ್ರ್ ಅನ್ನಿಸುತ್ತದೆ, ಇದು ಸುಮ್ಮನಿದೆ. ಅಂದರೆ ರಿಮೋಟಿಗೆ ತಾಳ ಹಾಕಿಕೊಡುವ, ಒಳಗಿನ 455 ಕಿಲೋಹರ್ಟ್ಸ್ ರೆಸೊನೇಟರ್ ಮೇಲೇ ಅನುಮಾನ. ರಿಮೋಟ್ ಕೈಜಾರಿ ಬಿದ್ದರೆ ಬಿರುಕು ಬಿಡುವ ಭಾಗ ಅದು. ಈ 455ನ್ನು 12ರಿಂದ ಭಾಗಿಸಿದಾಗ ಬರುವ ಸುಮಾರು 38 ಕಿಲೋಹರ್ಟ್ಸ್‌ನಲ್ಲೇ ಬೆಳಕು ಮಿನುಗಬೇಕು. ಎರಡು ಕಾಲಿನ ಪುಟ್ಟ ಬಿಡಿಭಾಗ, ಬೆಲೆ ಹೆಚ್ಚೇನಿಲ್ಲ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ತಂದು ಹಾಕುತ್ತೇನೆ.