ಸಣ್ಣಗಿರೋರಿಗೆ ಶುಗರ್ ಏರ್ತಾನೇ ಇದ್ರೆ, ‘ರಿವರ್ಸಲ್’ ಪ್ಯಾಕೇಜಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಉದ್ದ ಇದೆ, ಆದ್ರೂ ಓದಿ. ಮಾತ್ರೆ ತಗೊಂಡು, ಬಾಯಿ ಕಟ್ಟಿ, ವಾಕಿಂಗ್ ಮಾಡಿ, ಇಷ್ಟೆಲ್ಲಾ ಆದ್ಮೇಲೂ ಶುಗರ್ ಏರ್ತಿದೆ, ಅದರ ಮೇಲೆ ಮೈ ಬೇರೆ ಇಳೀತಿದೆ ಅನ್ನೋರು ನಿಮ್ಮನೇಲಿ ಇದ್ರೆ ಅವರಿಗೂ ತೋರ್ಸಿ. ನಿಮಗಿರೋದು ಯಾವ ಡಯಾಬಿಟಿಸ್ ಅಂತ ಗ್ಯಾರಂಟಿ ಆಗೋವರ್ಗೂ ಈ ಶುಗರ್ ರಿವರ್ಸಲ್ (ಮಾತ್ರೆ ಬಿಡಿಸಿ ಶುಗರ್ ಹೋಗಿಸ್ತೀವಿ ಅನ್ನೋದು) ಮಾರೋರ ಕೈಗೆ ಸಿಗ್ಬೇಡಿ. ನಾನು ಐಸಿಯುಲಿ ಮಲಗಿ ಎದ್ದು ಬಂದಿದೀನಿ, ಅದಕ್ಕೇ ಹೇಳ್ತಿರೋದು.

ನಾನು ಹಾಸನದ ಕಡೆಯೋಳು, ಹೈಸ್ಕೂಲ್ ಟೀಚರ್. ಶುಗರ್ ಇದೆ ಅಂತ ಗೊತ್ತಾದಾಗ 39 ವರ್ಷ, ತೂಕ 50 ಕೆಜಿ. ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇಲ್ಲ. ಎರಡನೇ ಹೆರಿಗೆ ಆದಮೇಲಿಂದ ಥೈರಾಯ್ಡ್ ಮಾತ್ರೆ ಮಾತ್ರ ತಗೋತಿದ್ದೆ (ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ). ಯಾವುದೋ ಚೆಕಪ್ಪಲ್ಲಿ ಫಾಸ್ಟಿಂಗ್ 158, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 7.9 ಬಂತು. "ಈಗ ಎಲ್ಲರಿಗೂ ಬರ್ತಿದೆ ಕಣಮ್ಮ, ಟೆನ್ಶನ್ ಜಾಸ್ತಿ ಅಲ್ವಾ" ಅಂತ ಹೇಳಿ ಡಾಕ್ಟ್ರು ಮೆಟ್‌ಫಾರ್ಮಿನ್ ಬರೆದ್ರು. ಅವರನ್ನ ನಾನು ದೂರಲ್ಲ, ದೊಡ್ಡೋರಿಗೆ ಬರೋ ಶುಗರಲ್ಲಿ ಹೆಚ್ಚಿನದು ಟೈಪ್ 2ನೇ (ಇನ್ಸುಲಿನ್ ಇದ್ರೂ ಮೈಗೆ ಸರಿಯಾಗಿ ನಾಟದೇ ಇರೋದು) ಆಗಿರುತ್ತೆ, ಮೊದಲನೇ ದಿನಾನೇ ಬೇರೆ ಯೋಚನೆ ಮಾಡಿ ಅಂದ್ರೆ ಆಗಲ್ಲ. ಸ್ವಲ್ಪ ತಿಂಗಳು ಇಳೀತು ಕೂಡ. ಆಮೇಲೆ ಶುರುವಾಯ್ತು ನೋಡಿ, ಹೋದಾಗೆಲ್ಲ ಒಂದೊಂದು ಮಾತ್ರೆ ಸೇರ್ತಾ ಹೋಯ್ತು, ಗ್ಲಿಮೆಪಿರೈಡ್ ಬಂತು, ವಿಲ್ಡಾಗ್ಲಿಪ್ಟಿನ್ ಬಂತು, ಎಚ್‌ಬಿಎ1ಸಿ ಮಾತ್ರ 8 ದಾಟಿ 9 ದಾಟಿ 10ರ ಹತ್ರ ಬಂದು ನಿಂತ್ಕೊಂಡ್ತು.

ಮಾತ್ರೆ ಜೊತೆ ಬೈಗುಳಾನೂ ಫ್ರೀ. "ಟೀಚರ್ ಆಗಿ ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ, ಏನೇನ್ ತಿಂತೀರ ನಿಜ ಹೇಳಿ" ಅಂತ ಎಲ್ಲರೆದುರಿಗೆ ಕೇಳೋರು. ಬೆಳಿಗ್ಗೆ ಅರ್ಧ ಚಪಾತಿ, ಮಧ್ಯಾಹ್ನ ಒಂದು ಸಣ್ಣ ಮುದ್ದೆ, ರಾತ್ರಿ ಸೊಪ್ಪಿನ ಪಲ್ಯ, ಇಷ್ಟೇ ತಿಂತಿರೋಳು ಇನ್ನೇನ್ ಹೇಳಲಿ. ಮನೇಲೂ ಅಷ್ಟೆ. ನಮ್ಮತ್ತೆ ಪಾಪ ಒಳ್ಳೇ ಮನಸಿಂದಲೇ ನೇರಳೆ ಬೀಜದ ಪುಡಿ, ಹಾಗಲಕಾಯಿ ಜ್ಯೂಸು, ಕಾಂಪೌಂಡಲ್ಲಿರೋ ಇನ್ಸುಲಿನ್ ಗಿಡದ ಎಲೆ ಎಲ್ಲಾ ತಿನ್ನಿಸಿದ್ರು. ಆ ಗಿಡಕ್ಕೆ ಹೆಸರು ಹಂಗಿದೆ ಅಷ್ಟೆ, ಅದರ ಎಲೇಲಿ ಇನ್ಸುಲಿನ್ ಇಲ್ಲ. ಅಷ್ಟೊತ್ತಿಗೆ 50 ಇದ್ದ ತೂಕ 43ಕ್ಕೆ ಬಂದಿತ್ತು, ಬಳೆ ಕೈಲಿ ನಿಲ್ತಿರ್ಲಿಲ್ಲ, ರಾತ್ರಿ ನಾಲ್ಕೈದು ಸಲ ಬಾತ್ರೂಮಿಗೆ ಏಳ್ತಿದ್ದೆ. ಬರೀ ಬೊಜ್ಜಿರೋರಿಗೆ ಹೇಳೋ ಬುದ್ಧಿಮಾತನ್ನೇ ಮೂಳೆ ಕಾಣ್ತಿರೋ ನನಗೂ ಹೇಳ್ತಿದ್ರಲ್ಲ, ಯಾರಿಗೂ ಏನೂ ಅನ್ನಿಸ್ಲಿಲ್ವಾ ಅಂತ ಈಗಲೂ ಆಶ್ಚರ್ಯ ಆಗುತ್ತೆ.

ಆ ಟೈಮಲ್ಲಿ ಮೊಬೈಲಲ್ಲಿ ಜಾಹೀರಾತು ಬಂದಿದ್ದು, ‘ಮಾತ್ರೆ ಇಲ್ಲದೆ ಶುಗರ್ ಮುಕ್ತಿ’ ಅಂತ. ಹೆಸರು ಹೇಳಲ್ಲ, ಇಂಥವು ಬೇಕಾದಷ್ಟಿವೆ. ಮೊದಲು ಫ್ರೀ ಕನ್ಸಲ್ಟೇಷನ್, ಆಮೇಲೆ ದಿನಾ ಫೋನು, ‘ಇವತ್ತು ಸೇರಿದ್ರೆ ಮಾತ್ರ ಆಫರ್’, ಇಎಂಐ ಬೇರೆ. ಸೇರೋ ಫಾರ್ಮಲ್ಲಿ ಎಷ್ಟು ತೂಕ ಇಳಿಸ್ಬೇಕು ಅಂತ ಒಂದು ಜಾಗ, ಅದನ್ನ ತುಂಬದೇ ಮುಂದಕ್ಕೇ ಹೋಗಲ್ಲ. 43 ಕೆಜಿ ಇರೋಳು ಇನ್ನೆಷ್ಟು ಇಳಿಸ್ಲಿ? ಕೋಚ್ ಅಂತ ಒಬ್ಬ ಹುಡುಗಿ, "ಮೇಡಂ ಏನಾದ್ರೂ ಒಂದ್ ಹಾಕಿ, ಸಿಸ್ಟಮ್ ತಗೊಳಲ್ಲ" ಅಂದ್ಳು. ತೋಳಿಗೆ ಶುಗರ್ ನೋಡೋ ಸೆನ್ಸರ್ ಅಂಟಿಸಿದ್ರು. ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲಾ ಬಂದ್, ಬರೀ ಮೊಟ್ಟೆ, ಪನೀರ್, ತುಪ್ಪ, ಬಾದಾಮಿ. ವಿಡಿಯೋ ಕಾಲಲ್ಲಿ ಒಬ್ಬ ಡಾಕ್ಟ್ರು ಬಂದು ಗ್ಲಿಮೆಪಿರೈಡ್ ತೆಗೆದು ಡಾಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆ ಹಾಕಿದ್ರು. ಇನ್ಸುಲಿನ್ ಏನಾದ್ರೂ ಬೇಕಾಗುತ್ತಾ ಸರ್ ಅಂತ ಕೇಳಿದ್ದಕ್ಕೆ "ಅಯ್ಯೋ ಅದರ ತಂಟೆಗೇ ಹೋಗ್ಬೇಡಿ, ಒಂದ್ಸಲ ಹಿಡಿದ್ರೆ ಬಿಡಲ್ಲ" ಅಂದ್ರು. ಥೈರಾಯ್ಡ್ ಬಗ್ಗೆ ಆಗ್ಲಿ, ತೂಕ ಯಾಕೆ ಇಳೀತಿದೆ ಅಂತ ಆಗ್ಲಿ, ಒಂದು ಮಾತು ಕೇಳ್ಲಿಲ್ಲ.

ಶುಗರ್ ಇಳೀತು. ಹೌದು, ನಿಜವಾಗ್ಲೂ ಇಳೀತು, ಅದೇ ಇದರಲ್ಲಿರೋ ಮೋಸ. ಗ್ರಾಫ್ ನೋಡಿ ವಾಟ್ಸಾಪ್ ಗ್ರೂಪಲ್ಲಿ ಚಪ್ಪಾಳೆ ಹೊಡೆದ್ರು, ‘ಈ ವಾರದ ಚಾಂಪಿಯನ್’ ಅಂತ ನನ್ನ ಫೋಟೋ ಹಾಕಿದ್ರು. ಮುಂದಿನ ವಾರ ಹೊಟ್ಟೆ ತೊಳಸೋಕೆ ಶುರುವಾಯ್ತು, ವಾಂತಿ, ಹೊಟ್ಟೆನೋವು, ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಕೋಚಿಗೆ ಮೆಸೇಜ್ ಹಾಕಿದ್ರೆ "ಇದು ಕೀಟೋ ಫ್ಲೂ ಮೇಡಂ, ಮೈ ಅಡ್ಜಸ್ಟ್ ಆಗ್ತಿದೆ, ನಿಂಬೆಹಣ್ಣಿನ ಉಪ್ಪುನೀರು ಕುಡೀರಿ". ಮನೆ ಹತ್ತಿರದ ಕ್ಲಿನಿಕ್ಕಲ್ಲಿ ಬೆರಳು ಚುಚ್ಚಿ ನೋಡಿದ್ರು, 187 ಬಂತು, "ಶುಗರ್ ಚೆನ್ನಾಗೇ ಇದೆಯಲ್ಲ, ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ರು. ಅವತ್ತು ರಾತ್ರಿ ಉಸಿರು ಬುಸುಬುಸು ಅಂತ ಎಳೆಯೋಕೆ ಶುರುವಾದಾಗ ನಮ್ಮನೆಯವರು ದೊಡ್ಡ ಆಸ್ಪತ್ರೆಗೆ ಹಾಕ್ಕೊಂಡು ಹೋದ್ರು.

ಅಲ್ಲಿ ಡ್ಯೂಟಿಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಆಕೆ ಶುಗರ್ ನಂಬರ್ ನೋಡಿ ಸುಮ್ಮನಾಗ್ಲಿಲ್ಲ, "ಯಾವ ಮಾತ್ರೆ ತಗೋತಿದಾರೆ, ಶೀಟ್ ಇದ್ರೆ ಕೊಡಿ" ಅಂದ್ಳು. ಪುಣ್ಯಕ್ಕೆ ನಮ್ಮನೆಯವರು ಮಾತ್ರೆ ಡಬ್ಬಿ ಪೂರ್ತಿ ಕವರಲ್ಲಿ ತಂದಿದ್ರು. ಡಾಪಾ ಹೆಸರು ನೋಡಿದ ತಕ್ಷಣ ಯೂರಿನ್ ಕೀಟೋನ್ ಮತ್ತೆ ಎಬಿಜಿ (ರಕ್ತ ಎಷ್ಟು ಹುಳಿಯಾಗಿದೆ ಅಂತ ನೋಡೋ ಟೆಸ್ಟ್) ಕಳಿಸಿದ್ಳು. ರಕ್ತದ ಪಿಎಚ್ 7.35ರ ಮೇಲಿರ್ಬೇಕು, ನನ್ನದು 7.08. ಡಿಕೆಎ, ಅಂದ್ರೆ ಡಯಾಬಿಟಿಕ್ ಕೀಟೋಅಸಿಡೋಸಿಸ್. ನೇರ ಐಸಿಯು. ಸಲೈನು, ಇನ್ಸುಲಿನ್ ಡ್ರಿಪ್, ಪೊಟ್ಯಾಸಿಯಂ, ಜೊತೆಗೆ ಗ್ಲೂಕೋಸ್ ಬಾಟ್ಲು. ಶುಗರ್ ಪೇಶೆಂಟಿಗೆ ಗ್ಲೂಕೋಸ್ ಏರಿಸ್ತಿದಾರಲ್ಲ ಅಂತ ನಮ್ಮ ಭಾವ ಹೊರಗೆ ಜಗಳಕ್ಕೇ ನಿಂತಿದ್ರಂತೆ, ಆಮೇಲೆ ಯಾರೋ ಸಿಸ್ಟರ್ ಬಿಡಿಸಿ ಹೇಳಿದ್ರು: ಕೀಟೋನ್ ಹೋಗ್ಬೇಕು ಅಂದ್ರೆ ಇನ್ಸುಲಿನ್ ಹೋಗ್ತಾನೇ ಇರ್ಬೇಕು, ಶುಗರ್ ಪಾತಾಳಕ್ಕೆ ಬೀಳದಿರ್ಲಿ ಅಂತ ಗ್ಲೂಕೋಸ್.

ಆಗಿದ್ದೇನು ಅಂತ ನನಗೆ ಅರ್ಥ ಆದಷ್ಟು ಹೇಳ್ತೀನಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಶುಗರನ್ನ ಮೂತ್ರದಲ್ಲಿ ಹೊರಗೆ ಹಾಕ್ಸುತ್ವೆ. ಇನ್ಸುಲಿನ್ ಇರ್ಲಿ ಬಿಡ್ಲಿ ರಕ್ತದ ಶುಗರ್ ಕಮ್ಮಿ ಕಾಣುತ್ತೆ. ಆದ್ರೆ ಮೈಯಲ್ಲಿ ಇನ್ಸುಲಿನ್ ಸಾಲದೇ ಇದ್ರೆ ಮೈ ಕೊಬ್ಬನ್ನ ಕರಗಿಸಿ ಕೀಟೋನ್ ಮಾಡ್ಕೊಳತ್ತೆ, ಅದು ಜಾಸ್ತಿಯಾದ್ರೆ ರಕ್ತ ಹುಳಿಯಾಗುತ್ತೆ. ಅದರ ಮೇಲೆ ಅನ್ನ ಮುದ್ದೆ ಪೂರ್ತಿ ಬಿಡಿಸಿದ್ರೆ ಕೇಳೋದೇ ಬೇಡ. ಮಾಮೂಲಿ ಡಿಕೆಎಲಿ ಶುಗರ್ 300, 400 ಇರುತ್ತೆ, ಯಾರಿಗಾದ್ರೂ ಗೊತ್ತಾಗುತ್ತೆ, ಇದರಲ್ಲಿ 200ರ ಒಳಗೇ ಇದ್ದು ಜೀವ ತೆಗೆಯುತ್ತೆ. ಇದೇನು ಹೊಸ ವಿಷಯ ಅಲ್ಲ, ಅಮೆರಿಕದ ಎಫ್‌ಡಿಎ 2015ರಲ್ಲೇ ಈ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮಾತ್ರೆ ಕೆಟ್ಟದ್ದು ಅಂತ ಹೇಳ್ತಿಲ್ಲ, ಹಾರ್ಟು ಕಿಡ್ನಿ ತೊಂದ್ರೆ ಇರೋ ಎಷ್ಟೋ ಜನಕ್ಕೆ ಅದು ಒಳ್ಳೇದೇ, ಇದನ್ನ ಓದಿ ನಿಮ್ಮದನ್ನ ನೀವೇ ನಿಲ್ಲಿಸ್ಬೇಡಿ. ಆದ್ರೆ ಸಣಕಲು ಮನುಷ್ಯರಿಗೆ, ಇನ್ಸುಲಿನ್ ಎಷ್ಟು ಉಳಿದಿದೆ ಅಂತ ನೋಡದೇ, ಊಟ ಬೇರೆ ಬಿಡಿಸಿ ಕೊಡೋದಿದೆಯಲ್ಲ, ಅದಕ್ಕೆ ನನ್ನ ಸಿಟ್ಟು.

ಐಸಿಯುಯಿಂದ ವಾರ್ಡಿಗೆ ಬಂದಮೇಲೆ ಎಂಡೋಕ್ರೈನಾಲಜಿಸ್ಟ್ ಒಬ್ಬರು ಬಂದ್ರು. ಹಳೇ ಫೈಲೆಲ್ಲ ತಿರುವಿ ಹಾಕಿ ಅವರು ಕೇಳಿದ ಮೊದಲ ಪ್ರಶ್ನೆ "ಥೈರಾಯ್ಡ್ ಯಾವಾಗಿಂದ?" ಆಮೇಲೆ "ಮನೇಲಿ ಯಾರಿಗಾದ್ರೂ ತೊನ್ನು ಇದೆಯಾ?" ಅಂತ. ನಮ್ಮ ಚಿಕ್ಕಮ್ಮಂಗೆ ಇದೆ. ಅಷ್ಟಕ್ಕೇ ಅವರಿಗೆ ಅರ್ಧ ಗೊತ್ತಾಗೋಯ್ತು. ಗ್ಯಾಡ್ ಆಂಟಿಬಾಡಿ (ಇನ್ಸುಲಿನ್ ಮಾಡೋ ಕಣಗಳನ್ನ ಮೈನೇ ಹೊಡೀತಿದೆಯಾ ಅಂತ ನೋಡೋದು) ಮತ್ತೆ ಸಿ-ಪೆಪ್ಟೈಡ್ (ಮೈ ಎಷ್ಟು ಇನ್ಸುಲಿನ್ ಮಾಡ್ತಿದೆ ಅಂತ ನೋಡೋದು) ಅಂತ ಎರಡು ಟೆಸ್ಟ್ ಬರೆದ್ರು. ಗ್ಯಾಡ್ ಜೋರಾಗಿ ಪಾಸಿಟಿವ್, ಸಿ-ಪೆಪ್ಟೈಡ್ 0.4, ಅಂದ್ರೆ ತೀರಾ ಕಮ್ಮಿ. ಇಷ್ಟು ವರ್ಷ ಯಾವ ಟೈಪ್ 2ಗೆ ಬೈಸ್ಕೊಂಡಿದ್ನೋ ಅದು ನನಗೆ ಇರ್ಲೇ ಇಲ್ಲ. ಲಾಡಾ ಅಂತಾರೆ ಇದನ್ನ, ಕೆಲವರು ಟೈಪ್ ಒಂದೂವರೆ ಅಂತಲೂ ಅಂತಾರೆ. ನಮ್ಮ ಮೈಯ ರೋಗನಿರೋಧಕ ಶಕ್ತಿನೇ ಮೇದೋಜೀರಕ ಗ್ರಂಥೀಲಿರೋ ಇನ್ಸುಲಿನ್ ಮಾಡೋ ಕಣಗಳನ್ನ ಶತ್ರು ಅಂತ ಹೊಡೆಯೋದು. ಥೈರಾಯ್ಡ್ ತೊಂದ್ರೆ, ತೊನ್ನು ಕೂಡ ಎಷ್ಟೋ ಸಲ ಹಿಂಗೇ ಬರೋದು, ಅದಕ್ಕೇ ಅವರು ಮೊದಲು ಅದನ್ನ ಕೇಳಿದ್ದು. ಮಕ್ಕಳಿಗೆ ಬರೋ ಟೈಪ್ 1ಲೂ ಹಿಂಗೇ ಆಗೋದು, ಅಲ್ಲಿ ಬೇಗ ಆಗುತ್ತೆ, 30 ದಾಟಿದೋರಲ್ಲಿ ನಿಧಾನಕ್ಕೆ ಆಗುತ್ತೆ, ಅದಕ್ಕೇ ಮೊದಮೊದಲು ಮಾತ್ರೆಲೇ ನಡೆಯುತ್ತೆ, ಎಲ್ಲರೂ ಟೈಪ್ 2 ಅಂದ್ಕೋತಾರೆ. ಗ್ಲಿಮೆಪಿರೈಡ್ ಜಾತಿ ಮಾತ್ರೆ ಇದಕ್ಕೆ ಕೊಡ್ಬಾರ್ದಂತೆ, ಅದು ಉಳಿದಿರೋ ಕಣಗಳನ್ನ ಇನ್ನೂ ಇನ್ಸುಲಿನ್ ಬಿಡು ಬಿಡು ಅಂತ ದಬಾಯಿಸುತ್ತೆ, ಸುಸ್ತಾದ ಎತ್ತಿಗೆ ಬಾರುಕೋಲು ಬೀಸಿದಂಗೆ, ಅವು ಬೇಗ ಮುಗಿದೋಗ್ತವೆ.

ಇದು ಲಕ್ಷಕ್ಕೊಬ್ಬರಿಗೆ ಬರೋ ಕಾಯಿಲೆ ಅನ್ಕೋಬೇಡಿ. ಬ್ರಿಟನ್ನಲ್ಲಿ ನಡೆದ ಯುಕೆಪಿಡಿಎಸ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಟೈಪ್ 2 ಅಂತ ಸೇರಿಸ್ಕೊಂಡೋರಲ್ಲೇ ಸುಮಾರು ಹತ್ತರಲ್ಲೊಬ್ಬರಿಗೆ ಇಂಥ ಆಂಟಿಬಾಡಿ ಸಿಕ್ಕಿತ್ತು. ಅಲ್ಲಿ ಪ್ರಧಾನಿ ಆಗಿದ್ರಲ್ಲ ತೆರೇಸಾ ಮೇ, ಅವರಿಗೂ 2012ರಲ್ಲಿ ಮೊದಲು ಟೈಪ್ 2 ಅಂತಲೇ ಹೇಳಿ ಮಾತ್ರೆ ಕೊಟ್ಟಿದ್ರು, ಕೇಳ್ಲಿಲ್ಲ, ಮತ್ತೆ ಟೆಸ್ಟ್ ಮಾಡಿದ್ರೆ ಟೈಪ್ 1, ಆಗ ಅವರಿಗೆ 56 ವರ್ಷ. ಅಂಥೋರಿಗೇ ಹಂಗಾದ್ರೆ ನಮ್ಮಂಥೋರ ಕಥೆ ಏನು.

ಹಂಗಾಗಿ ನೀವು ಸಣ್ಣಗಿದ್ದು, ಕಾರಣ ಇಲ್ಲದೇ ಇಳೀತಿದ್ದು, ಮಾತ್ರೆ ಏರಿಸಿದ್ರೂ ಶುಗರ್ ಬಗ್ಗದೇ ಇದ್ದು, ನಿಮಗೋ ಮನೆಯವರಿಗೋ ಥೈರಾಯ್ಡ್, ತೊನ್ನು, ಸೀಲಿಯಾಕ್ (ಗೋಧಿ ಮೈಗಾಗದ ಕಾಯಿಲೆ) ಥರದ ತೊಂದ್ರೆ ಇದ್ರೆ, ಡಾಕ್ಟ್ರ ಹತ್ರ ಸಂಕೋಚ ಬಿಟ್ಟು "ಗ್ಯಾಡ್ ಟೆಸ್ಟ್ ಮಾಡಿಸೋಣ್ವಾ ಸರ್" ಅಂತ ಕೇಳಿ. ಅಗ್ಗ ಅಲ್ಲ ಅದು, ಆದ್ರೆ ನಾನು ಆ ಪ್ಯಾಕೇಜಿಗೆ ಸುರಿದ ದುಡ್ಡಿನ ಮುಂದೆ ಏನೇನೂ ಅಲ್ಲ. ಗ್ಯಾಡ್ ನೆಗೆಟಿವ್ ಬಂದ್ರೂ ಡೌಟ್ ಇದ್ರೆ ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಅಂತ ಬೇರೆ ಆಂಟಿಬಾಡಿಗಳೂ ಇವೆ. ಸಿ-ಪೆಪ್ಟೈಡ್ ಅಂದ್ರೆ ಮೈ ತಾನೇ ಎಷ್ಟು ಇನ್ಸುಲಿನ್ ಮಾಡ್ತಿದೆ ಅನ್ನೋ ಲೆಕ್ಕ, ಅದನ್ನ ಕೊಡುವಾಗ ಅದೇ ರಕ್ತದಲ್ಲಿ ಶುಗರನ್ನೂ ನೋಡ್ಬೇಕು, ಶುಗರ್ ತೀರಾ ಏರಿದ್ದಾಗ ಅಥವಾ ಡಿಕೆಎ ಆದ ಹೊಸತರಲ್ಲಿ ಕಮ್ಮಿ ತೋರಿಸೋ ಚಾನ್ಸ್ ಇರುತ್ತೆ, ನನಗೂ ಅದಕ್ಕೇ ಆಮೇಲೆ ಇನ್ನೊಂದ್ಸಲ ಮಾಡಿಸಿದ್ರು. ಸುಮಾರಾಗಿ 0.6ಕ್ಕಿಂತ ಕೆಳಗಿದ್ರೆ ಟೈಪ್ 1 ಥರಾನೇ ಇನ್ಸುಲಿನ್ ಬೇಕು, 1.8ರ ಮೇಲಿದ್ರೆ ಸದ್ಯಕ್ಕೆ ಟೈಪ್ 2 ಥರ ನೋಡ್ಕೋಬಹುದು, ನಡುವೆ ಇದ್ರೆ ಆಗಾಗ ನೋಡ್ತಾ ಇರ್ಬೇಕು ಅಂತ ಡಾಕ್ಟ್ರು ಹೇಳಿದ್ದು (ರಿಪೋರ್ಟಲ್ಲಿ ನ್ಯಾನೋಗ್ರಾಂ ಪ್ರತಿ ಎಂಎಲ್ ಅಂತಿರುತ್ತೆ, ಯೂನಿಟ್ ನೋಡ್ಕೊಳ್ಳಿ, ಕೆಲವು ಲ್ಯಾಬಲ್ಲಿ ಬೇರೆ). ದುಡ್ಡಿಗೆ ಕಷ್ಟ ಇರೋರಿಗೆ ಬೆಂಗಳೂರಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂತ ಸರ್ಕಾರದ್ದೇ ಆಸ್ಪತ್ರೆ ಇದೆ, ನನಗೆ ಮೊದಲೇ ಗೊತ್ತಿದ್ದಿದ್ರೆ ಸೀದಾ ಬಸ್ ಹತ್ತಿರ್ತಿದ್ದೆ.

ಪ್ಯಾಕೇಜಿನೋರು ಏನಂದ್ರು ಅಂತ ಕೇಳ್ತೀರ ಅಲ್ವಾ. ಡಿಸ್ಚಾರ್ಜ್ ಸಮ್ಮರಿ ಕಳಿಸಿದ್ದಕ್ಕೆ "ನೀವು ಮೊದಲೇ ಟೈಪ್ 1 ಅಂತ ತಿಳಿಸಿಲ್ಲ, ಹಾಗಾಗಿ ರೀಫಂಡ್ ಬರಲ್ಲ" ಅಂತ ಉತ್ತರ. ನನಗೇ ಗೊತ್ತಿಲ್ಲದ್ದನ್ನ ನಾನು ತಿಳಿಸ್ಬೇಕಿತ್ತಂತೆ! ಡಾಕ್ಟರ್ ಇಟ್ಕೊಂಡಿರೋದು ಮತ್ತೆ ಯಾತಕ್ಕೆ? ಡಯಾಬಿಟಿಸ್ ವಾಸಿ ಮಾಡ್ತೀವಿ ಅಂತ ಔಷಧದ ಜಾಹೀರಾತು ಕೊಡೋ ಹಂಗೇ ಇಲ್ಲ ಅಂತ 1954ರಿಂದ ಕಾನೂನಿದೆ ನಮ್ಮ ದೇಶದಲ್ಲಿ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಇವರು ‘ಲೈಫ್‌ಸ್ಟೈಲ್ ಪ್ರೋಗ್ರಾಂ’ ಅಂತ ಬೋರ್ಡ್ ಹಾಕ್ಕೊಂಡು ನುಸುಳ್ಕೊಂಡು ಹೋಗ್ತಾರೆ. ಇನ್ಸ್ಟಾಲ್‌ಮೆಂಟ್ ಇನ್ನೂ ಕಟ್ಟಾಗ್ತಿದೆ, ಬ್ಯಾಂಕಿಗೆ ಬರೆದುಕೊಟ್ಟಿದೀನಿ, ಗ್ರಾಹಕರ ಆಯೋಗಕ್ಕೂ ಹಾಕೋಣ ಅಂತ ಪೇಪರ್ ರೆಡಿ ಮಾಡ್ತಿದೀವಿ. ಅದಕ್ಕೇ ಹೇಳೋದು, ಚಾಟು, ರಸೀದಿ, ಅವರು ಬರೆದ ಚೀಟಿ ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ನನ್ನನ್ನ ಆ ಗ್ರೂಪಿಂದ ತೆಗೆದ ಮೇಲೆ ನನ್ನ ‘ಚಾಂಪಿಯನ್’ ಪೋಸ್ಟೂ ಕಾಣೆಯಾಯ್ತು.

ಈಗ ರಾತ್ರಿ ಒಂದು ಉದ್ದ ಕೆಲಸ ಮಾಡೋ ಇನ್ಸುಲಿನ್ನು, ಊಟಕ್ಕೆ ಮುಂಚೆ ಬೇಗ ಕೆಲಸ ಮಾಡೋದು. ಇನ್ಸುಲಿನ್ ಹಿಡಿದ್ರೆ ಕಿಡ್ನಿ ಹೋಗುತ್ತೆ, ಕಣ್ಣು ಹೋಗುತ್ತೆ ಅನ್ನೋದೆಲ್ಲಾ ಸುಳ್ಳು, ಕಿಡ್ನಿ ಕಣ್ಣು ಹೋಗೋದು ವರ್ಷಗಟ್ಟಲೆ ಶುಗರ್ ಏರಿಸ್ಕೊಂಡು ಕೂತ್ರೆ. ಮುದ್ದೆ ತಿಂತೀನಿ, ಹಬ್ಬಕ್ಕೆ ಒಂದು ಹೋಳಿಗೆನೂ ತಿಂತೀನಿ ಲೆಕ್ಕ ಹಾಕ್ಕೊಂಡು, ತೂಕ ವಾಪಸ್ ಬಂದಿದೆ, ಲೋ ಶುಗರ್ ಆದ್ರೆ ಅಂತ ಬ್ಯಾಗಲ್ಲಿ ಗ್ಲೂಕೋಸ್ ಪುಡಿ ಇರುತ್ತೆ. ಮನೇಲಿ ಕೀಟೋನ್ ಸ್ಟ್ರಿಪ್ ಡಬ್ಬಿ ಇಟ್ಟಿದೀನಿ, ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ, ಜ್ವರ ಬಂದಾಗ ವಾಂತಿ ಆದಾಗ ಶುಗರ್ ಎಷ್ಟೇ ಇರ್ಲಿ ಒಂದ್ಸಲ ನೋಡ್ಕೋತೀನಿ, ಊಟ ಸೇರ್ಲಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಸಲ್ಲ. ಡಾಪಾ ಥರದ ಮಾತ್ರೆ ತಗೊಳೋರು ಹುಷಾರಿಲ್ಲದಾಗ, ಆಪರೇಷನ್ ಇದ್ದಾಗ, ಕಟ್ಟುನಿಟ್ಟಾಗಿ ಉಪವಾಸ ಮಾಡುವಾಗ ಅದನ್ನ ತಗೋಬೇಕಾ ನಿಲ್ಸ್ಬೇಕಾ ಅಂತ ಡಾಕ್ಟ್ರನ್ನ ಮೊದಲೇ ಕೇಳಿಟ್ಕೊಳ್ಳಿ.

ಇನ್ನೊಂದು, ಹೊಸದಾಗಿ ಇನ್ಸುಲಿನ್ ಶುರು ಮಾಡೋರಿಗೆ, ಮರೆತೋಗ್ತಿತ್ತು. ನಮ್ಮಲ್ಲಿ ಬಾಟ್ಲಲ್ಲಿ ಬರೋದು ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ದು, ಪೆನ್ ಕಾಟ್ರಿಡ್ಜಲ್ಲಿ ಬರೋದು 100 ಯೂನಿಟ್‌ದು. ಬಾಟ್ಲು ಮೇಲೆ 40 ಅಂತಿದ್ರೆ ಕೆಂಪು ಕ್ಯಾಪಿನ ಸಿರಿಂಜು, 100 ಅಂತಿದ್ರೆ ಕಿತ್ತಳೆ ಕ್ಯಾಪಿಂದು. ಮೆಡಿಕಲ್ ಶಾಪಿನ ಹುಡುಗ ಯಾವುದೋ ಒಂದು ಕೊಡ್ತಾನೆ, ಅದಲುಬದಲಾದ್ರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗುತ್ತೆ, ಅಂಗಡೀಲೇ ನಿಂತು ಬಾಟ್ಲು ಸಿರಿಂಜು ಎರಡೂ ಓದ್ಕೊಂಡು ಬನ್ನಿ.