ಮೇ ಬಿಸಿಲಿಗೆ ಭಿಗವಣವೋ, ಖಡಕ್‌ವಾಸ್ಲಾವೋ?

ಪುಣೆಯಲ್ಲಿ ಹಕ್ಕಿ ನೋಡಬೇಕು ಅಂದರೆ ಸಾಕು, ಎಲ್ಲರೂ ಭಿಗವಣದ ದಾರಿ ತೋರಿಸುತ್ತಾರೆ. ಚಳಿಗಾಲಕ್ಕೆ ಅದು ಸರಿಯೇ. ಬೇಸಿಗೆಗೆ? ಈ ಮೇ ತಿಂಗಳಲ್ಲಿ ಒಂದು ಭಾನುವಾರ ಅಲ್ಲಿಗೆ, ಮರುವಾರ ಖಡಕ್‌ವಾಸ್ಲಾ ಅಣೆಕಟ್ಟಿನ ಹಿನ್ನೀರಿಗೆ ಹೋಗಿಬಂದೆ. ಎರಡೂ ಸಲ ಅಫಜಲಪುರದಿಂದ ಬಂದಿದ್ದ ಅಪ್ಪ ಜೊತೆಗಿದ್ದರು.

ಭಿಗವಣ ಸೊಲ್ಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ಮೂರೂವರೆಗೆ ಎದ್ದು ಹೊರಟರೆ ಬೆಳಕು ಹರಿಯುವಾಗ ಕುಂಭಾರಗಾಂವ್‌ನ ದೋಣಿಯಲ್ಲಿರಬಹುದು. ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರು ಇಳಿದು ಕೆಸರು ಮೇಲೆದ್ದಿತ್ತು. ನೂರರಷ್ಟು ರಾಜಹಂಸಗಳು (ಫ್ಲೆಮಿಂಗೊ) ತಲೆ ಬುಡಮೇಲು ಮಾಡಿ ಕೆಸರುನೀರು ಸೋಸುತ್ತಿದ್ದವು. ದೋಣಿಯವನ ಮರಾಠಿಯಲ್ಲಿ ಅವು ‘ರೋಹಿತ್’, ನಮ್ಮ ನದಿ ರೀವ (ರಿವರ್ ಟರ್ನ್) ‘ನದೀ ಸುರಯ್’. ಬಣ್ಣದ ಕೊಕ್ಕರೆ, ಮೆಟ್ಟುಗಾಲು ಹಕ್ಕಿ, ಬೂದು ಬಕ ಎಲ್ಲ ಸೇರಿ ಒಂಬತ್ತರೊಳಗೆ 41 ಜಾತಿ ಬರೆದುಕೊಂಡೆ.

“ಇದು ನಮ್ಮ ಊರಿಗಿ ಬರೂ ಭೀಮಾನೇ ಅಲ್ಲೇನೋ?” ಅಂದರು ಅಪ್ಪ. “ಬ್ಯಾಸಗ್ಯಾಗ ನಮಗ ಕೊಡ ನೀರಿಗಿ ತ್ರಾಸ, ಇಲ್ಲಿ ಹಕ್ಕಿಗೋಳ್ಗಿ ಇಷ್ಟ್ ಅದ ನೋಡಪಾ!” ನಾನು ಸುಮ್ಮನಾದೆ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನಾವು ಕುಡಿಯುವ ಮುಠಾ ನದಿಯೇ ಪುಣೆಯ ಚರಂಡಿಯನ್ನೂ ಹೊತ್ತುಕೊಂಡು ಭೀಮೆಗೆ ಸೇರಿ ಇಲ್ಲಿಗೆ ಬರುತ್ತದೆ. ಆ ಕೊಳೆಯಿಂದಲೇ ಪಾಚಿ ಬೆಳೆಯುವುದು, ಪಾಚಿ ಮತ್ತು ಅದರ ನಡುವಿನ ಸಣ್ಣ ಜೀವಿಗಳೇ ರಾಜಹಂಸದ ಊಟ. ಅಪ್ಪನಿಗೆ ಇದನ್ನು ಹೇಳಲಿಲ್ಲ.

ಒಂಬತ್ತಾದ ಮೇಲೆ ದೋಣಿಯಲ್ಲಿ ನೆರಳಿಲ್ಲ, ನೆತ್ತಿ ಸುಡುತ್ತದೆ. ಅದನ್ನಾದರೂ ತಡೆದುಕೊಂಡೆ. ನೀರಿನಿಂದ ಮೇಲೆದ್ದ ದಿಬ್ಬವೊಂದಕ್ಕೆ ಇನ್ನೊಂದು ದೋಣಿಯವರು ಕ್ಯಾಮೆರಾ ಹಿಡಿದು ಇಳಿದರು. ನೆಲದ ಮೇಲೇ ಮೊಟ್ಟೆಯಿಡುವ ಪುಟಾಣಿ ಪ್ರಾಟಿನ್‌ಕೋಲ್ ಹಕ್ಕಿಯೊಂದು ಮುರಿದ ರೆಕ್ಕೆಯ ನಾಟಕವಾಡುತ್ತ ಅವರನ್ನು ಗೂಡಿನಿಂದ ದೂರ ಎಳೆಯಲು ನೋಡಿತು. ಅವರು ಆ ನಾಟಕದ ಫೋಟೋ ತೆಗೆದರು!

ಖಡಕ್‌ವಾಸ್ಲಾ ಮನೆಯಿಂದ 20 ಕಿ.ಮೀ. ಕೂಡ ಇಲ್ಲ, ಸ್ವಾರಗೇಟ್‌ನಿಂದ ಸಿಟಿ ಬಸ್ಸೇ ಹೋಗುತ್ತದೆ. ಚೌಪಾಟಿಯಲ್ಲಿ ಭಜಿ, ಜೋಳದ ತೆನೆಯ ಗಾಡಿಗಳು ಬರುವ ಮೊದಲೇ ಅದನ್ನು ದಾಟಿ ಪಾನ್‌ಶೇತ್ ರಸ್ತೆ ಹಿಡಿಯಬೇಕು, ಅಷ್ಟೇ. ಸಿಕ್ಕಿದ್ದು ಬರೀ 23 ಜಾತಿ. ರಾಜಹಂಸ ಇಲ್ಲ.

ಆದರೆ ನೀರು ಸರಿದ ಕಲ್ಲುನೆಲದಲ್ಲಿ ಟಿಟ್ಟಿಭವೊಂದು ಕೂತಿತ್ತು. ಆಲದ ಮರದಡಿಯಿಂದ ದುರ್ಬೀನು ಹಿಡಿದು ಕಾಯ್ದೆವು. ಹತ್ತೂವರೆಗೆ ಎದ್ದು ಅಂಚಿಗೆ ನಡೆಯಿತು, ಹೊಟ್ಟೆ ಮುಳುಗುವಷ್ಟು ನೀರಲ್ಲಿ ಕೂತು ಮೈ ಅಲುಗಿಸಿತು, ನೀರು ತೊಟ್ಟಿಕ್ಕಿಸುತ್ತ ವಾಪಸ್ ಬಂದು ಮೊಟ್ಟೆಗಳ ಮೇಲೆ ಕೂತಿತು. ಮೊಟ್ಟೆ ನಾಲ್ಕು, ಚೂಪು ತುದಿಗಳೆಲ್ಲ ಒಳಮುಖ. ಕಲ್ಲಿಗೂ ಅವಕ್ಕೂ ವ್ಯತ್ಯಾಸ ಗೊತ್ತಾಗಲು ನನಗೆ ಐದು ನಿಮಿಷ ಹಿಡಿಯಿತು. ಬಿಸಿಲಿಗೆ ಮೊಟ್ಟೆ ತಂಪಾಗಿಡಲು ಹಕ್ಕಿ ಹೀಗೆ ಮೂರು ಸಲ ಹೋಗಿಬಂತು.

ಪಟ್ಟಿ ಉದ್ದವಾಗಬೇಕು ಅನ್ನುವವರು ಭಿಗವಣಕ್ಕೇ ಹೋಗಿ, ಬೇಡ ಅನ್ನಲ್ಲ. ನಾನಂತೂ ಇನ್ನು ಮಳೆ ಬರುವವರೆಗೆ ಖಡಕ್‌ವಾಸ್ಲಾ ಬಿಡುವುದಿಲ್ಲ. ಅಪ್ಪನಿಗೆ ಬುಧವಾರ ಊರಿಗೆ ಟಿಕೆಟ್ ಆಗಿತ್ತು. ಮನೆಗೆ ವಾಪಸ್ ಬರುವ ಸಿಟಿ ಬಸ್ಸಿನಲ್ಲಿ ಕೂತ ಮೇಲೆ ಕೇಳಿದರು: “ಆ ತತ್ತಿ ಒಡದು ಮರಿ ಬರಾಕ ಎಷ್ಟ್ ದಿನ ಬೇಕೋ? ಟಿಕೀಟ್ ಮುಂದಕ್ಕ ಹಾಕು.”