ಹೊಸ ಲ್ಯಾಪ್‌ಟಾಪ್‌ನ ಕೋಳಿನಿದ್ದೆ

ಒಂದೇ ಸರಣಿಯ ಎರಡು ಸಣ್ಣ ಲ್ಯಾಪ್‌ಟಾಪ್‌ಗಳು ಕೆಲವು ತಿಂಗಳು ನನ್ನ ಮೇಜಿನ ಮೇಲೆ ಜೊತೆಯಾಗಿದ್ದವು. ಒಂದು ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಇರುವ ಹಳೆಯದು. ಇನ್ನೊಂದು ಅದರ ಜಾಗಕ್ಕೆಂದೇ ಕೊಂಡ ಈಚಿನ ಮಾದರಿ. ಇದನ್ನು ಬರೆಯುತ್ತಿರುವುದು ಹಳೆಯದರಲ್ಲಿ. ತೀರ್ಪು ಅಲ್ಲಿಗೇ ಗೊತ್ತಾಯಿತು, ಕಾರಣ ಹೇಳುವುದಷ್ಟೇ ಬಾಕಿ.

ಹೊಸದಕ್ಕೆ ಸಲ್ಲಬೇಕಾದ ಹೊಗಳಿಕೆ ಮೊದಲು ಸಲ್ಲಲಿ. ಅದರ ಪರದೆ 1920×1200, ಹಳೆಯದರದ್ದು 1920×1080. ಎತ್ತರದಲ್ಲಿ ಹೆಚ್ಚಿರುವುದು 120 ಪಿಕ್ಸೆಲ್ ಮಾತ್ರ, ಆದರೆ ಒತ್ತಕ್ಷರಗಳಿಗಾಗಿ ಸಾಲುಗಳ ನಡುವೆ ಜಾಗ ಬಿಟ್ಟು ಬರೆಯುವವರಿಗೆ ಅಷ್ಟರಲ್ಲೇ ಎರಡು ಮೂರು ಸಾಲು ಹೆಚ್ಚು ಕಾಣುತ್ತದೆ. ಕೆಲಸ ಮಾಡುವಾಗ ಬ್ಯಾಟರಿ ಹಳೆಯದರ ದುಪ್ಪಟ್ಟು ಹೊತ್ತು ಬರುತ್ತದೆ. ಫ್ಯಾನಿನ ಸದ್ದು ಕೇಳಿಸುವುದೇ ಅಪರೂಪ. ವಿಡಿಯೊ ಕರೆಯಲ್ಲಿ ಮುಖ ಮುಖದಂತೆಯೇ ಕಾಣುತ್ತದೆ.

ತಕರಾರು ಶುರುವಾಗುವುದು ಮುಚ್ಚಳ ಮುಚ್ಚಿದ ಮೇಲೆ. ನನ್ನ ಬರವಣಿಗೆ ನಡೆಯುವುದು ತುಂಡು ತುಂಡಾಗಿ. ನಾಲ್ಕು ಸಾಲು ಬರೆದು ಮುಚ್ಚುತ್ತೇನೆ, ಎದ್ದು ಹೋಗುತ್ತೇನೆ, ಮತ್ತೆ ಬಂದು ತೆರೆಯುತ್ತೇನೆ. ರಾತ್ರಿ ಶಟ್‌ಡೌನ್ ಮಾಡುವ ಅಭ್ಯಾಸವೂ ಇಲ್ಲ. ತೆರೆದಿಟ್ಟ ಕಡತಗಳು ಬೆಳಿಗ್ಗೆ ಇದ್ದಲ್ಲೇ ಇರಬೇಕು. ಹಳೆಯದನ್ನು ಮುಚ್ಚಿದರೆ ಫ್ಯಾನ್ ನಿಲ್ಲುತ್ತದೆ, ಅಂಚಿನ ಪುಟ್ಟ ದೀಪ ನಿಧಾನವಾಗಿ ಮಿನುಗತೊಡಗುತ್ತದೆ. ಬೆಳಿಗ್ಗೆ ನೋಡಿದರೆ ಚಾರ್ಜ್ ಒಂದೆರಡು ಅಂಕ ಇಳಿದಿರುತ್ತದೆ, ಅಷ್ಟೇ. ಹೊಸದನ್ನು ಮುಕ್ಕಾಲು ಚಾರ್ಜ್ ಇರುವಾಗ ಮುಚ್ಚಿ ಚೀಲಕ್ಕೆ ಹಾಕಿದರೆ, ಬೆಳಿಗ್ಗೆ ಚೀಲದ ಒಳಬಟ್ಟೆ ಬೆಚ್ಚಗಿರುತ್ತದೆ, ಲೋಹದ ತಳ ಮುಟ್ಟಿದರೆ ಕೈ ಹಿಂದೆಳೆಯುವಷ್ಟು ಬಿಸಿ. ಗುಂಡಿ ಒತ್ತಿದರೆ ಪರದೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ. ಪ್ರತಿ ರಾತ್ರಿಯೂ ಹೀಗಾದರೆ ದೋಷವೆಂದು ಸೇವಾ ಕೇಂದ್ರಕ್ಕೆ ಒಯ್ಯಬಹುದಿತ್ತು. ಆದರೆ ಇದು ಒಂದು ದಿನ ಸರಿಯಾಗಿ ಮಲಗುತ್ತದೆ, ಇನ್ನೊಂದು ದಿನ ಮಲಗುವುದಿಲ್ಲ. ನನ್ನ ಸಿಟ್ಟೆಲ್ಲ ಈ ಅನಿಶ್ಚಿತತೆಯ ಮೇಲೆ.

ಎರಡೂ ಯಂತ್ರಗಳ ನಿದ್ದೆಯ ಬಗೆಯೇ ಬೇರೆ. ಹಳೆಯದರಲ್ಲಿರುವುದು ‘ಎಸ್3’. ಪ್ರೊಸೆಸರ್ ಪೂರ್ತಿ ಆರಿರುತ್ತದೆ, ರ್‍ಯಾಮ್‌ನಲ್ಲಿರುವುದು ಅಳಿಯದಂತೆ ಅದಕ್ಕಷ್ಟೇ ಚೂರು ವಿದ್ಯುತ್ ಹರಿಯುತ್ತಿರುತ್ತದೆ. ಹೊಸದರದ್ದು ಮೊಬೈಲಿನ ಬಗೆಯ ನಿದ್ದೆ. 2012ರಲ್ಲಿ ವಿಂಡೋಸ್ 8ರ ಜೊತೆ ‘ಕನೆಕ್ಟೆಡ್ ಸ್ಟ್ಯಾಂಡ್‌ಬೈ’ ಎಂದು ಬಂದದ್ದು, ವಿಂಡೋಸ್ 10ರ ಕಾಲಕ್ಕೆ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಆಯಿತು. ಇದರಲ್ಲಿ ಯಂತ್ರ ಆರುವುದಿಲ್ಲ, ಪರದೆ ಆರಿಸಿಕೊಂಡು ಕಡಿಮೆ ವಿದ್ಯುತ್ತಿನಲ್ಲಿ ಕಾಯುತ್ತಿರುತ್ತದೆ. ತೆರೆದ ಕ್ಷಣಕ್ಕೆ ಸಿದ್ಧವಾಗುತ್ತದೆ, ನಿಜ. ಆದರೆ ಅದು ಕೋಳಿನಿದ್ದೆ: ಯಾವುದೋ ಅಪ್‌ಡೇಟ್, ಯಾವುದೋ ಚಾಲಕ ತಂತ್ರಾಂಶ, ಒಂದು ನೆಟ್‌ವರ್ಕ್ ಸಂದೇಶ, ಯಾವುದು ಬೇಕಾದರೂ ಎಬ್ಬಿಸಬಹುದು. ಚೀಲದೊಳಗೆ ಎದ್ದರೆ ಬಿಸಿಗಾಳಿ ಹೋಗಲು ದಾರಿಯೂ ಇಲ್ಲ.

ಹಳೆಯ ನಿದ್ದೆಗೆ ಮರಳೋಣವೆಂದು ಯಂತ್ರದ ಮೂಲ ಹೊಂದಿಕೆಗಳಿರುವ ಬಯೋಸ್ ತೆರೆದು ಹುಡುಕಿದೆ. ಆ ಆಯ್ಕೆಯೇ ಇಲ್ಲ. ನಿದ್ದೆಯಲ್ಲಿ ನೆಟ್‌ವರ್ಕ್ ಕಡಿಯುವಂತೆ ಹೊಂದಿಸಿದ ಮೇಲೆ ಸ್ವಲ್ಪ ಗುಣ ಕಂಡಿತು, ಪೂರ್ತಿ ಅಲ್ಲ. ಕೊನೆಗೆ ಉಳಿದದ್ದು ‘ಹೈಬರ್ನೇಟ್’. ಅದು ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ನಿಜವಾಗಿಯೇ ಆರುತ್ತದೆ. ಬ್ಯಾಟರಿ ಉಳಿಯಿತು, ಆದರೆ ಪ್ರತಿ ಸಲ ತೆರೆದಾಗಲೂ ಕಾಯಬೇಕು. ತೆರೆದ ಕೂಡಲೇ ಸಿದ್ಧವಾಗುವ ಅನುಕೂಲಕ್ಕೆಂದು ತಂದ ನಿದ್ದೆಯನ್ನು ಬಿಟ್ಟು, ಎಲ್ಲಕ್ಕಿಂತ ನಿಧಾನವಾಗಿ ಏಳುವುದನ್ನು ಆರಿಸಿಕೊಂಡಂತಾಯಿತು. ಕೊಳ್ಳುವ ಮುನ್ನ ಯಂತ್ರ ಕೈಗೆ ಸಿಕ್ಕರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ನೋಡಿ. ಲಭ್ಯವಿರುವ ನಿದ್ದೆಗಳ ಪಟ್ಟಿಯಲ್ಲಿ ಎಸ್3 ಇದೆಯೋ ಇಲ್ಲವೋ ತಿಳಿಯುತ್ತದೆ. ಈಚಿನ ಸಣ್ಣ ಯಂತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಉಳಿದದ್ದು ಚುಟುಕಾಗಿ. ಹೊಸದರ ರ್‍ಯಾಮ್ ಬೋರ್ಡಿಗೇ ಬೆಸೆದದ್ದು, ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಹಳೆಯದರ ತಳದ ತಿರುಪುಗಳನ್ನು ಬಿಚ್ಚಿ 8 ಜಿಬಿ ಪಟ್ಟಿಯನ್ನು ತೆಗೆದು 16 ಜಿಬಿಯದ್ದನ್ನು ನಾನೇ ಕೂರಿಸಿದೆ. ಹೊಸದರಲ್ಲಿ ಚಾರ್ಜ್ ಮಾಡುವ ಎರಡು ಯುಎಸ್‌ಬಿ-ಸಿ ಕಿಂಡಿಗಳೂ ಎಡಬದಿಯಲ್ಲೇ ಇವೆ. ಪ್ಲಗ್ ಬಲಕ್ಕಿರುವ ಕಡೆಯೆಲ್ಲ ತಂತಿ ಹಿಂದಿನಿಂದ ಸುತ್ತಿ ಬರಬೇಕು. ಬಲಗಡೆಯ ಕಂಟ್ರೋಲ್ ಕೀಲಿಯ ಜಾಗದಲ್ಲಿ ಎಐ ಸಹಾಯಕನನ್ನು ಕರೆಯುವ ಕೀಲಿ ಕೂತಿದೆ. ಕಂಟ್ರೋಲ್ ಮತ್ತು ಬಾಣದ ಕೀಲಿಯನ್ನು ಬಲಗೈಯಲ್ಲೇ ಒತ್ತಿ ಪದದಿಂದ ಪದಕ್ಕೆ ಹಾರುವ ರೂಢಿ ನನ್ನದು. ನಾನು ಹಾರಲು ಹೋದಾಗಲೆಲ್ಲ ಸಹಾಯಕ ಪ್ರತ್ಯಕ್ಷನಾಗುತ್ತಾನೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇನ್ನು ಹೊಸದನ್ನು ಕೊಳ್ಳಲೇಬೇಕು ಎಂದು ಹೇಳುವವರು ನನಗೂ ಹೇಳಿದರು. ಏಳನೇ ತಲೆಮಾರಿನ ಯಂತ್ರವಿದ್ದವರಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್. ನನ್ನದು ಹೊಸ್ತಿಲಲ್ಲೇ ನಿಂತಿದ್ದರೂ ಒಳಗೆ ಬಂತು.

ಹಳೆಯದರ ದೊಡ್ಡ ಕೊರತೆ ಸವೆದ ಬ್ಯಾಟರಿ. ತಯಾರಾದಾಗಿನ ಸಾಮರ್ಥ್ಯದಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ಮಾತ್ರ ಉಳಿದಿತ್ತು. ಅದನ್ನೂ ಬದಲಾಯಿಸಿದೆ. ರ್‍ಯಾಮ್ ಮತ್ತು ಬ್ಯಾಟರಿ ಎರಡೂ ಸೇರಿದರೂ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಾಗಲಿಲ್ಲ. ವಿಡಿಯೊ ಸಂಕಲನ ಮಾಡುವವರಿಗೆ, ದಿನವಿಡೀ ಪ್ಲಗ್ ಸಿಗದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಹೊಸದನ್ನೇ ಕೊಳ್ಳಲಿ. ನನ್ನ ಹೊಸ ಯಂತ್ರ ಈಗ ತಮ್ಮನ ಬಳಿ ಇದೆ. ಅವನು ಕೆಲಸ ಮುಗಿದೊಡನೆ ಶಟ್‌ಡೌನ್ ಮಾಡುವವನು, ಬಲಗಡೆಯ ಕಂಟ್ರೋಲ್ ಕೀಲಿಯನ್ನು ಎಂದೂ ಮುಟ್ಟಿದವನಲ್ಲ. ಇಷ್ಟು ಒಳ್ಳೆಯದನ್ನು ಯಾಕೆ ಬಿಟ್ಟುಕೊಟ್ಟೆ ಎಂದು ಆಗಾಗ ಕೇಳುತ್ತಿರುತ್ತಾನೆ.